ಅಧ್ಯಕ್ಷೆಯ ಕ್ಯಾನಿನ ನೀರು

ರತ್ನಳ ಕೆಲಸ ಹೋದದ್ದು ಅವಳು ಹೆಂಗಸೋ ಅಲ್ಲವೋ ಎಂಬ ಕಾರಣಕ್ಕಲ್ಲ. ನನ್ನ ಹಾಲಿನಲ್ಲಿ ನೀರಿತ್ತು, ಅವಳು ಹಿಡಿದಳು, ನಾನು ಅವಳನ್ನು ತೆಗೆಸಿದೆ. ನಡೆದದ್ದು ಇಷ್ಟೇ. ಮಿಕ್ಕಿದ್ದೆಲ್ಲ — ಡಾಕ್ಟರು, ಕಾನೂನು, ಊರಿನ ಮರ್ಯಾದೆ — ನಾನು ಕಟ್ಟಿದ ಕಥೆ.

ಸಾತನೂರು ಕಡೆಯ ನಮ್ಮೂರಿನಲ್ಲಿ ಹೆಂಗಸರದೇ ಒಂದು ಹಾಲಿನ ಸಂಘವಿದೆ, ಡೇರಿ ಅನ್ನುತ್ತೇವೆ. ಆಗ ನಾನು ಅದರ ಅಧ್ಯಕ್ಷೆ. ಓದಿದ್ದು ಮೂರನೇ ಕ್ಲಾಸು, ಬಾಯಿ ಮಾತ್ರ ದೊಡ್ಡದು. ರತ್ನ ಅಲ್ಲಿ ಹಾಲು ಪರೀಕ್ಷೆ ಮಾಡುವವಳು. ಗಂಡುಮಗುವೆಂದು ಬೆಳೆಸಿದರೂ, ಬುದ್ಧಿ ಬಂದಾಗಿನಿಂದ ತಾನು ಹೆಣ್ಣು ಅಂದವಳು. ಅವಳ ಹಳೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಸಭೆಯಲ್ಲಿ ನಾನು ಬೇಕೆಂತಲೇ ಅದನ್ನು ಕೂಗಿದ್ದು ಸಾಕು. ಆ ಕೆಲಸಕ್ಕೆ ಬೇರೆ ಯಾರೂ ಬರದಿದ್ದಾಗ ಅವಳನ್ನು ಕರೆದು ಸೇರಿಸಿದ್ದೂ ನಾನೇ. ಆಗ ಅವಳು ಹೆಣ್ಣೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಅಧ್ಯಕ್ಷೆಯ ಕ್ಯಾನನ್ನು ಯಾರು ನೋಡುತ್ತಾರೆ ಎಂಬ ಧೈರ್ಯ ನನಗೆ. ಅವಳು ನೋಡಿದಳು. ಹಾಲಿಗೆ ನೀರು ಬಿದ್ದಿದೆಯೇ ಎಂದು ತೋರಿಸುವ ಗಾಜಿನ ಕೊಳವೆ ಇಳಿಬಿಟ್ಟು, ಕ್ಯಾನನ್ನು ಪಕ್ಕಕ್ಕಿಟ್ಟು, ಎಲ್ಲರೂ ಹೋದ ಮೇಲೆ ಮೆತ್ತಗೆ ಅಂದಳು: "ದೊಡ್ಡವ್ವ, ನೀರು ಬಿದ್ದೈತೆ. ಇವತ್ತು ತಕ್ಕಳಾಕಾಗಕಿಲ್ಲ. ಯಾರ್ಗೂ ಹೇಳಾಕಿಲ್ಲ, ನಾಳೆಯಿಂದ ಹಿಂಗ್ ತರಬ್ಯಾಡ ಕಣವ್ವ."

ನನ್ನ ಮಾನ ಕಾದಿದ್ದಳು. ನನಗೆ ಕಂಡದ್ದು ಅದಲ್ಲ — ನನ್ನ ಜುಟ್ಟು ಇವಳ ಕೈಗೆ ಸಿಕ್ಕಿತಲ್ಲ ಎಂದು.

ಮುಂದಿನ ಸಭೆಯಲ್ಲಿ ಎದ್ದು ನಿಂತೆ. ಇದು ಹೆಂಗಸರ ಸಂಘ, ಕೆಲಸಕ್ಕೂ ಹೆಂಗಸೇ ಬೇಕು, ರತ್ನ ಡಾಕ್ಟರ ಸರ್ಟಿಫಿಕೇಟ್ ತರಲಿ ಅಂದೆ. ಹೋದಳು. ಒಬ್ಬ ಡಾಕ್ಟರು ಬಟ್ಟೆ ಬಿಚ್ಚು ಅಂದರಂತೆ. ಇನ್ನೊಬ್ಬರು ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರಂತೆ. ಮತ್ತೊಬ್ಬರು ಮೊದಲು ಆಪರೇಷನ್, ಆಮೇಲೆ ಸರ್ಟಿಫಿಕೇಟ್ ಅಂದರಂತೆ. ಒಂದು ತಲೆನೋವೂ ಇಲ್ಲದವಳನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿದೆ. ಕೊನೆಗೆ ರಾಮನಗರದ ಲಾಯರಮ್ಮ ಒಬ್ಬರನ್ನು ಕಂಡು ಬಂದು ಸಭೆಯಲ್ಲಿ ಹೇಳಿದಳು: "ನನ್ನಂತೋರ್ನ ಈ ಕಾರಣಕ್ಕೆ ಕೆಲಸದಿಂದ ತೆಗೆಯಂಗಿಲ್ಲ ಅಂತ ಕಾನೂನೈತೆ."

"ಡಾಕ್ಟ್ರುಗಳೇ ಒಂದೊಂದು ಹೇಳ್ತಾವ್ರೆ, ನಾವ್ಯಾರವ್ವ ತೀರ್ಮಾನ ಮಾಡಾಕೆ? ಇರ್ಲಿ ಬುಡು," ಅಂದಳು ನೆರೆಮನೆಯ ಸಾಕಮ್ಮ. ಸಭೆ ರತ್ನಳ ಕಡೆಗೆ ವಾಲಿತು.

ನಮ್ಮ ಕಡೆ ಹೆಂಡತಿ ಊರಿನಲ್ಲಿಲ್ಲದಾಗ ಗಂಡ ಅವಳ ಸೀರೆ ಸುತ್ತಿಕೊಂಡು ಹಾಲು ಕರೆಯುವುದುಂಟು. ಸೀರೆಯ ವಾಸನೆಗೆ ಹಸು ಒದೆಯದೆ ಹಾಲು ಬಿಡುತ್ತದೆ. ನನಗೆ ಅದು ನೆನಪಾಯಿತು. "ಸೀರೆ ಸುತ್ಕಂಡು ಹಸ ಕರೆಯೋ ಗಂಡಸ್ರು ಮನೆಮನೇಲೂ ಅವ್ರೆ. ಅವ್ರೆಲ್ಲಾ ಹೆಂಗಸ್ರೇನ್ರವ್ವ?" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಗು ನಿಲ್ಲುವ ತನಕ ರತ್ನ ಕಾದಳು. "ಅವ್ರು ಹಾಲು ಕರೆದ್ಮೇಲೆ ಸೀರೆ ತೆಗೆದಿಡ್ತಾರೆ ದೊಡ್ಡವ್ವ. ನಾನು ತೆಗೆದಿಡಾಕಿಲ್ಲ."

ಈ ಊರಿನಲ್ಲಿ ನನ್ನ ಮಾತನ್ನು ನನಗೇ ತಿರುಗಿಸಿದವಳು ಅವಳೊಬ್ಬಳೇ. ನಾನು ಬೇರೆ ದಾರಿ ಹಿಡಿದೆ. "ಕಾನೂನು ಅತ್ಲಾಗಿರ್ಲಿ. ಇವಳ ಪರೀಕ್ಷೇನೇ ಸುಳ್ಳು. ಒಳ್ಳೆ ಹಾಲ್ನ ನೀರು ಅಂತಾಳೆ," ಅಂದೆ. ಕೆಲಸದಲ್ಲೇ ತಪ್ಪು ಅಂದುಬಿಟ್ಟರೆ ಯಾವ ಕಾನೂನೂ ಅಡ್ಡ ಬರುವುದಿಲ್ಲವಲ್ಲ. ಸಭೆ ನಂಬಿತು, ಅವಳನ್ನು ತೆಗೆಯುವುದೆಂದು ತೀರ್ಮಾನವಾಯಿತು.

ನನ್ನ ಕ್ಯಾನಿನ ಮಾತನ್ನು ರತ್ನ ಆಗ ಎತ್ತಿದ್ದರೆ ಅವಳ ಕೆಲಸ ಉಳಿಯುತ್ತಿತ್ತು. ನನ್ನ ಮುಖ ನೋಡಿದಳು. ಯಾರಿಗೂ ಹೇಳುವುದಿಲ್ಲ ಅಂದಿದ್ದಳಲ್ಲ — ಹೇಳಲಿಲ್ಲ. ಕೊಳವೆಯನ್ನು ತೊಳೆದು, ಒರೆಸಿ, ಮೇಜಿನ ಮೇಲಿಟ್ಟು ಹೊರಟಳು.

ಕನಕಪುರದ ಇನ್ನೊಂದು ಡೇರಿಯಲ್ಲಿ ಕೆಲಸ ಹಿಡಿದು, ತನ್ನ ಹೆಸರಿನಲ್ಲೇ ದುಡಿದು ಮೇಲೆ ಬಂದಳು. ಈಗ ಊರೂರಿಗೆ ಹೋಗಿ ಹಾಲು ಪರೀಕ್ಷೆ ಕಲಿಸುತ್ತಾಳೆ. ಮೊನ್ನೆ ನಮ್ಮ ಡೇರಿಗೂ ಬಂದಿದ್ದಳು. ಕೂದಲು ನರೆತಿದೆ. ನಾನು ಹಿಂದೆ ಗೋಡೆಗೊರಗಿ ಕೂತಿದ್ದೆ. ಹೊಸ ಹುಡುಗಿಯರಿಗೆ ಹೇಳುತ್ತಿದ್ದಳು: "ಯಾರ ಹಾಲಲ್ಲಾದ್ರೂ ನೀರು ಸಿಕ್ರೆ ಸಾಲಲ್ಲಿ ಕೂಗ್ಬ್ಯಾಡ್ರವ್ವ. ಪಕ್ಕಕ್ಕೆ ಕರೆದು ಹೇಳಿ. ಅವ್ರಿಗೂ ಮಾನ ಐತೆ."

ಹೊರಡುವಾಗ ನನ್ನ ಹತ್ತಿರ ಬಂದು, "ಚೆನ್ನಾಗಿದ್ದೀಯಾ ದೊಡ್ಡವ್ವ? ಹಸ ಕಟ್ಟಿದ್ದೀಯಾ ಈಗ್ಲೂವೆ?" ಅಂದಳು. ಕಣ್ಣು ತಪ್ಪಿಸಿದವಳು ನಾನು.

ಮಾರನೆಯ ಬೆಳಿಗ್ಗೆ ಸಾಲು ಪೂರ್ತಿ ಕಟ್ಟುವ ತನಕ ಕಾದು, ಡೇರಿಯ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಆವತ್ತು ರತ್ನನ ಪರೀಕ್ಷೆ ಸರಿಯಾಗೇ ಇತ್ತು. ಹಾಲಿಗೆ ನೀರು ಹಾಕಿದ್ದು ನಾನು." ನನ್ನ ಕ್ಯಾನು ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತೆ.