ತುಂಬಿದ ಗಾಡಿಯ ಸದ್ದು

ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಅದು. ಹೊಸ ಗಾಡಿಯ ಸೀಟುಗಳ ಮೇಲೆ ಕಂಪನಿಯವರು ಹಾಕಿ ಕಳಿಸುತ್ತಾರಲ್ಲ, ಆ ತೆಳು ಕವರಿನದು. ಮೊನ್ನೆ ಕೊಂಡಾಪುರದ ಸರ್ವಿಸ್ ಸೆಂಟರಿಗೆ ನನ್ನ ಕಾರು ಒಯ್ದಿದ್ದೆ. ವಾರಂಟಿ ಈ ತಿಂಗಳಿಗೆ ಮುಗಿಯುತ್ತದೆ, ಏನಾದರೂ ರಿಪೇರಿ ಇದ್ದರೆ ಈಗಲೇ ಮಾಡಿಸಿಕೊಳ್ಳಿ ಎಂದು ಫೋನಿಗೆ ಮೆಸೇಜು ಬಂದಿತ್ತು. ಅವಸರದಲ್ಲಿ ಒಳಗೆ ಹೋಗುತ್ತಿದ್ದವಳಿಗೆ, ಯಾರದೋ ಹೊಚ್ಚಹೊಸ ವ್ಯಾನಿನ ತೆರೆದ ಬಾಗಿಲಿನಿಂದ ಆ ವಾಸನೆ ಮೂಗಿಗೆ ಬಡಿಯಿತು. ಜೊತೆಗೆ ಊದುಬತ್ತಿಯದು, ಗಾಲಿಯಡಿ ಸಿಕ್ಕು ಅಪ್ಪಚ್ಚಿಯಾದ ನಿಂಬೆಹಣ್ಣಿನದು... ಕಾಲು ಅಲ್ಲೇ ನಿಂತವು. ಕಾಕಾ ನೆನಪಾದರು.

ಹೈದರಾಬಾದಿನ ಆ ಭಾಗದಲ್ಲಿ ಐಟಿ ಕಂಪನಿಗಳು ಒಂದರ ಬೆನ್ನಿಗೊಂದು ಎದ್ದು ನಿಲ್ಲುತ್ತಿದ್ದ ವರ್ಷಗಳು ಅವು. ಬಂಡೆ ಒಡೆಯುವ ಸದ್ದು ನಿಲ್ಲುತ್ತಲೇ ಇರಲಿಲ್ಲ. ನಿನ್ನೆ ಹೋದ ದಾರಿ ಇವತ್ತು ಇರುತ್ತಿರಲಿಲ್ಲ. ನಾನು ಬಾಗಲಕೋಟೆಯಿಂದ ಬಂದು ಟೆಸ್ಟರ್ ಆಗಿ ಸೇರಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ದಿನವಿಡೀ ತಪ್ಪು ಹುಡುಕುವ ಕೆಲಸ. ಅದಕ್ಕೂ ಸಂಬಳ ಕೊಡುತ್ತಾರೆ ಎಂದರೆ ನಮ್ಮವ್ವ ನಂಬಲಿಲ್ಲ. "ಅದನ್ನ ನೀ ಮನ್ಯಾಗ ಪುಕ್ಕಟೆ ಮಾಡ್ತಿದ್ದಿ" ಅಂದಳು. ಮಾತು ಸುಳ್ಳಲ್ಲ. ನನ್ನದು ಕೂತಲ್ಲಿ ಕೂರುವ ಜೀವವಲ್ಲ. ಎಲ್ಲೋ ನಲ್ಲಿ ಸೋರಿದರೆ, ಬಾಗಿಲು ಕಿರ್ ಅಂದರೆ, ಅದನ್ನು ಸರಿಮಾಡಿಸುವ ತನಕ ನನಗೆ ಅನ್ನ ಇಳಿಯುವುದಿಲ್ಲ.

ನಾನಿದ್ದ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಕಾಕಾ ಮತ್ತು ಅವರ ಹೆಂಡತಿ ಕಾಕು ಇದ್ದರು. ರಾಯಚೂರು ಕಡೆಯವರು, ಮಕ್ಕಳಿಲ್ಲ. ರಕ್ತಸಂಬಂಧವೇನೂ ಅಲ್ಲ, ಕನ್ನಡ ಕಿವಿಗೆ ಬಿದ್ದದ್ದೇ ನೆಂಟಸ್ತಿಕೆಯಾಯಿತು. ಕಾಕಾ ಬಹಳ ವರ್ಷ ಜೀಡಿಮೆಟ್ಲಾದ ಒಂದು ಔಷಧಿ ಫ್ಯಾಕ್ಟರಿಯಲ್ಲಿ ದುಡಿದಿದ್ದರು. ಅಲ್ಲಿಯ ಹೊಗೆ ಮೈಗೆ ಒಗ್ಗಲಿಲ್ಲವೆಂದು ಕೆಲಸ ಬಿಟ್ಟು, ಕಾಕುವಿನ ಬಂಗಾರವನ್ನೂ ತಮ್ಮ ಪ್ರಾವಿಡೆಂಟ್ ಫಂಡಿನ ದುಡ್ಡನ್ನೂ ಸುರಿದು ವ್ಯಾನು ಕೊಂಡಿದ್ದರು. ನಮ್ಮ ಆಫೀಸಿನವರನ್ನು ಕರೆದೊಯ್ದು ಕರೆತರುವ ಡ್ಯೂಟಿ. ಮುಂದಿನ ಸೀಟು ನನ್ನದೇ ಎಂದು ಕಾಯಂ ಆಗಿತ್ತು.

ಆ ವ್ಯಾನು ಅವರ ಪಾಲಿಗೆ ಬರಿ ಗಾಡಿಯಲ್ಲ. ಚಪ್ಪಲಿ ಹೊರಗೆ ಬಿಟ್ಟು ಹತ್ತುತ್ತಿದ್ದರು. ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಚಾವಿ ತಿರುಗಿಸುತ್ತಿರಲಿಲ್ಲ. ಸೀಟಿನ ಕವರು ತೆಗೆಯಲು ಬಿಡುತ್ತಿರಲಿಲ್ಲ, ಬೇಸಿಗೆಯಲ್ಲಿ ನಮ್ಮ ಬೆನ್ನೆಲ್ಲ ಅದಕ್ಕೆ ಅಂಟಿ ಚರ್ ಅನ್ನುತ್ತಿತ್ತು. ಅಮಾವಾಸ್ಯೆಗೊಮ್ಮೆ ಪೂಜೆ, ತೆಂಗಿನಕಾಯಿ, ಹೊಸ ನಿಂಬೆಹಣ್ಣು. ಎಲ್ಲಕ್ಕಿಂತ ದೊಡ್ಡ ಕಟ್ಟಳೆಯೆಂದರೆ ಗಾಡಿಯ ಬಗ್ಗೆ ಕೆಟ್ಟ ಮಾತು ಆಡಕೂಡದು. ಯಾರಾದರೂ ಏಸಿ ಸಾಲದು ಅಂದರೂ ಅವರ ಮುಖ ಸಣ್ಣಗಾಗುತ್ತಿತ್ತು.

ಹೀಗಿರುವಾಗ ಆ ಸದ್ದು ಶುರುವಾಯಿತು. ತಿರುವಿನಲ್ಲಿ ಬ್ರೇಕ್ ಹಾಕಿದಾಗ ಮುಂದಿನ ಬಲಗಾಲಿಯ ಕಡೆಯಿಂದ ಕಟ್... ಕಟ್... ಹಿಂದೆ ಹರಟುತ್ತ ಕೂತವರಿಗೆ ಕೇಳದು. ನನಗೆ ಕೇಳಿತು. ಒಮ್ಮೆ ಕೇಳಿದ ಮೇಲೆ ಬೇರೇನೂ ಕೇಳದಂತಾಯಿತು.

"ಕಾಕಾ, ಏನದು ಸದ್ದು?" ಅಂದೆ.

"ಯಾವುದ್ರಿ ಅಕ್ಕಾವ್ರ? ಹೊಸಾ ಗಾಡಿ, ಮೈ ಮುರೀತೈತಿ."

"ಸರ್ವಿಸಿಗೆ ಬಿಟ್ಟಾಗ ಹೇಳ್ರಿ. ವಾರಂಟಿ ಐತಿ, ಪುಕ್ಕಟೆ ಮಾಡಿಕೊಡ್ತಾರ."

ಕಾಕಾ ನಾಲಿಗೆ ಕಚ್ಚಿಕೊಂಡರು. "ಹಂಗ ಅನಬ್ಯಾಡ್ರಿ. ಅನ್ನ ಹಾಕೋ ತಾಯಿ ಐತಿ. ಆಕೀಗೇ ಹೆಸರಿಟ್ರ ಆಕಿ ನಿಲ್ತಾಳೇನು?"

ಹೆತ್ತವರಿಗೆ ಹೆಗ್ಗಣ ಮುದ್ದು ಅಂದುಕೊಂಡು ಸುಮ್ಮನಾಗಲು ನೋಡಿದೆ, ಆಗಲಿಲ್ಲ. ಪ್ರತಿ ಸರ್ವಿಸಿನ ಹಿಂದಿನ ದಿನ ನೆನಪಿಸುತ್ತಿದ್ದೆ, ಅವರು ಹೂಂ ಅನ್ನುತ್ತಿದ್ದರು. ಅಲ್ಲಿ ಕೌಂಟರಿನವನು ಏನಾದರೂ ಕಂಪ್ಲೇಂಟ್ ಇದೆಯಾ ಅಂದರೆ, "ಕುಛ್ ನಹೀಂ ಸಾಬ್, ಅಚ್ಛೀಚ್ ಹೈ" ಎಂದು ಕೈಮುಗಿದು ಬರುತ್ತಿದ್ದರು. ಕೇಳಿದರೆ ನಗು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವಿಷಯದಲ್ಲಿ ಅವರು ಗಾಡಿಗೊಂದು ನ್ಯಾಯ, ತಮಗೊಂದು ನ್ಯಾಯ ಮಾಡಿದವರಲ್ಲ. ಗೇರ್ ಬದಲಿಸುವಾಗ ಅವರಿಗೊಂದು ಒಣಕೆಮ್ಮು ಬರುತ್ತಿತ್ತು. ದವಾಖಾನೆಗೆ ತೋರಿಸ್ರಿ ಎಂದರೆ, "ಏಸಿ ಗಾಳಿಗೆ ಬರ್ತೈತ್ರಿ. ನನಗೇನಾಗೈತಿ, ಚೊಲೋ ಅದೀನಿ" ಅನ್ನುತ್ತಿದ್ದರು. ನಾನು ಅದಕ್ಕೂ ಜಗಳ ಕಾದಿದ್ದೇನೆ. ಗೋಡೆಗೆ ಹೇಳಿದಂತೆ.

ಒಂದು ಸಂಜೆ ಗಚ್ಚಿಬೌಲಿಯ ತಿರುವಿನಲ್ಲಿ ಎದುರಿಗೆ ಆಟೋ ನುಗ್ಗಿತು. ಕಾಕಾ ಬ್ರೇಕ್ ತುಳಿದರು. ವ್ಯಾನು ನೆಟ್ಟಗೆ ನಿಲ್ಲುವ ಬದಲು ಬಲಕ್ಕೆ ಎಳೆದುಕೊಂಡು ಹೋಗಿ, ಡಿವೈಡರಿಗೆ ಕೂದಲೆಳೆಯಲ್ಲಿ ತಪ್ಪಿ ನಿಂತಿತು. ಹಿಂದೆ ಕೂತವರ ಟಿಫನ್ ಡಬ್ಬಿಗಳು ಉರುಳಿದವು. ಯಾರಿಗೂ ಏನೂ ಆಗಲಿಲ್ಲ. ಕಾಕಾ ಇಳಿದು ಗಾಲಿಯ ಹತ್ತಿರ ಕೂತವರು ಬಹಳ ಹೊತ್ತು ಏಳಲಿಲ್ಲ.

ಮಾರನೆಯ ದಿನ ಆಫೀಸಿನ ಗಾಡಿಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್ ಕಾಕಾನನ್ನು ಕರೆದ. ಗಾಡಿ ರಿಪೇರಿಯಾಗಿದೆ ಎಂದು ಸರ್ವಿಸ್ ಸೆಂಟರಿನಿಂದ ಬರೆಸಿಕೊಂಡು ಬಾ, ಇಲ್ಲದಿದ್ದರೆ ಮುಂದಿನ ತಿಂಗಳಿಂದ ಡ್ಯೂಟಿ ಇಲ್ಲ ಎಂದ. ವಾರಂಟಿಯೂ ಅಷ್ಟರಲ್ಲೇ ತೀರುವುದಿತ್ತು. ಅದೂ ದಿನದ ಲೆಕ್ಕದಲ್ಲಿ ಮಾತ್ರವಲ್ಲ, ಕಿಲೋಮೀಟರಿನ ಲೆಕ್ಕವೂ ಇತ್ತು, ಯಾವುದು ಮೊದಲು ಮುಗಿಯುತ್ತದೋ ಅದು. ಓಡಿಸಿದರೆ ವಾರಂಟಿ ಕರಗುತ್ತದೆ, ಓಡಿಸದಿದ್ದರೆ ಹೊಟ್ಟೆ ತುಂಬುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಸ್ವಂತ ಖರ್ಚಿನಲ್ಲಿ ಆ ರಿಪೇರಿ ಮಾಡಿಸುವ ತಾಕತ್ತು ಕಾಕಾಗೆ ಇರಲಿಲ್ಲ. ಡ್ಯೂಟಿ ಹೋದರೆ ಮತ್ತೆ ಜೀಡಿಮೆಟ್ಲಾದ ಹೊಗೆಯೇ ಗತಿ. ನಾನು ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುವುದು ಬಿಟ್ಟು ಮೀಟರ್ ನೋಡಲು ಶುರುಮಾಡಿದೆ. ಅಂಕಿ ಉರುಳಿದಾಗೆಲ್ಲ ಇನ್ನೆಷ್ಟು ಕಿಲೋಮೀಟರು ಉಳಿಯಿತೆಂದು ಎಣಿಸುತ್ತಿದ್ದೆ. ಕಾಕು ಗುಡಿಗೆ ಬಿಟ್ಟು ಬರ್ರಿ ಅಂದರೆ ಕಾಕಾ ಆಟೋದಲ್ಲಿ ಹೋಗೆಂದರು.

ಕಾಕಾ ಒಬ್ಬರೇ ಸರ್ವಿಸ್ ಸೆಂಟರಿಗೆ ಹೋಗಿ, ಗಾಡಿಗೆ ಹೆಸರಿಡದೆ, ಒಮ್ಮೆ ಓಡಿಸಿ ನೋಡಿ ಎಂದಷ್ಟೇ ಅಂದರು. ಮೆಕ್ಯಾನಿಕ್ ಓಡಿಸಿ ನೋಡಿದ. ಸದ್ದಿಲ್ಲ, ಎಳೆತವಿಲ್ಲ. "ಪ್ರಾಬ್ಲಂ ಏಮೀ ಲೇದು", ತೊಂದರೆಯೇ ಇಲ್ಲ ಎಂದು ಚಾವಿ ಕೈಗೆ ಕೊಟ್ಟ. ಮರುದಿನ ಹೋದರೂ ಅದೇ ಮಾತು. ನನ್ನ ಕೆಲಸದಲ್ಲೂ ಹೀಗೆಯೇ, ನಾವು ತಪ್ಪು ತೋರಿಸಿದರೆ ಬರೆದವರು ನಮ್ಮಲ್ಲಿ ಆ ತಪ್ಪು ಬರ್ತಿಲ್ಲ ಎಂದು ವಾಪಸ್ ಕಳಿಸುತ್ತಾರೆ. ಆ ಮಾತು ಕೇಳಿದರೆ ನನ್ನ ತಲೆ ಕೆಡುತ್ತದೆ. ಕಾಕಾಗೆ ಮಾತ್ರ ಒಳಗೊಳಗೇ ಸಮಾಧಾನವಾದಂತಿತ್ತು. "ನೋಡ್ರಿ, ಆಕಿದೇನೂ ತಪ್ಪಿಲ್ಲ" ಅಂದರು.

ಕಾಕು ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ ಹೇಳಿದರು. "ತುಂಬಿದ ಕೊಡ ತುಳುಕಂಗಿಲ್ಲ ಅಂತಾರ. ನಿಮ್ಮ ಗಾಡಿ ತುಂಬಿದಾಗ್ಲೇ ತುಳುಕತೈತಿ. ಒಬ್ಬಾಂವ ಕುಂತ್ರ ಎಲ್ಲಿಂದ ಬರ್ತೈತಿ?"

ನಾನು ಎದ್ದು ನಿಂತೆ. ಇಷ್ಟು ದಿನ ನನಗೂ ಹೊಳೆದಿರಲಿಲ್ಲ. ಖಾಲಿ ಗಾಡಿಯಲ್ಲಿ ನಾನಾದರೂ ಯಾವತ್ತು ಕೂತಿದ್ದೆ?

ಅಮಾವಾಸ್ಯೆ ಹತ್ತಿರವಿತ್ತು. ಎದುರಿನ ಕಟ್ಟಡದಲ್ಲಿ ಕಲ್ಲು ಮಣ್ಣು ಹೊರುವವರೆಲ್ಲ ನಮ್ಮ ಕಡೆಯವರೇ, ಯಾದಗಿರಿ, ಸುರಪುರದವರು. ಅಮಾವಾಸ್ಯೆಗೆ ಅವರಿಗೆ ಕೆಲಸವಿಲ್ಲ. ಕಾಕು ಹೋಗಿ ಗಾಡಿಯಲ್ಲಿ ಒಂದು ಸುತ್ತು ಬರ್ರಿ ಎಂದು ಕರೆದರು. ನಾನು ಆಫೀಸಿಗೆ ರಜೆ ಹಾಕಿದೆ. ಆ ಬೆಳಿಗ್ಗೆ ವ್ಯಾನು ತುಂಬಿತು. ಹೆಂಗಸರು ಹೊಸ ಸೀರೆ ಉಟ್ಟು ಬಂದಿದ್ದರು. ಕಾಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದರು. ಒಬ್ಬ ಮುದುಕಿ ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಕೂತಿದ್ದಳು. ಸರ್ವಿಸ್ ಸೆಂಟರಿನ ಗಾಜಿನ ಬಾಗಿಲಿನ ಮುಂದೆ ಇಳಿದಾಗ ಆಕೆ ಸುತ್ತಲೂ ನೋಡಿ, "ಗುಡಿ ಯಾವ ಕಡಿಗೈತಬೇ?" ಅಂದಳು.

ಟೈ ಕಟ್ಟಿದ ಕೌಂಟರಿನವನು ನಮ್ಮ ದಂಡು ನೋಡಿ ಕುರ್ಚಿಯಿಂದ ಎದ್ದೇಬಿಟ್ಟ. ನಾನು ವಿಷಯವೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಕಂಪ್ಯೂಟರ್ ನೋಡಿ ತಲೆಯಾಡಿಸಿದ. ಪ್ರತಿ ಸರ್ವಿಸಿನಲ್ಲೂ ಓನರ್ ಏನೂ ತೊಂದರೆ ಇಲ್ಲ ಅಂದಿದ್ದಾರೆ. ಈಗ ವಾರಂಟಿ ಮುಗಿಯುವಾಗ ನೀವು ಬಂದು ಹೇಳಿದರೆ ಆಗುವುದಿಲ್ಲ, ಓನರೇ ಹೇಳಲಿ ಎಂದ.

ಎಲ್ಲರೂ ಕಾಕಾನ ಮುಖ ನೋಡಿದೆವು. ಅಮಾವಾಸ್ಯೆಯ ದಿನ, ಬೆಳಿಗ್ಗೆಯಷ್ಟೇ ಅರಿಶಿಣ ಕುಂಕುಮ ಹಚ್ಚಿ ಕೈಮುಗಿದ ಗಾಡಿ ಅದು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಇವರ ಬಾಯಿಗೆ ನಾನೇ ಕೈಹಾಕಿ ಮಾತು ಹೊರಗೆಳೆಯಲೇ ಅನ್ನಿಸುತ್ತಿತ್ತು. ಕಾಕಾ ತಿರುಗಿ ಹೊರಗೆ ನಡೆದರು. ಆಯಿತು, ಮುಗಿಯಿತು ಅಂದುಕೊಂಡೆ.

ಅವರು ಹೋದದ್ದು ವ್ಯಾನಿನ ಹತ್ತಿರ. ಚಪ್ಪಲಿ ಬಿಟ್ಟರು. ಕಿಟಕಿಯಿಂದ ಕೈಚಾಚಿ ಸ್ಟೀರಿಂಗ್ ಮುಟ್ಟಿ, "ಅವ್ವಾ, ಹೊಟ್ಟಿಗೆ ಹಾಕ್ಕೋ. ನಿನ್ನ ಮ್ಯಾಲ ಒಂದು ಮಾತು ಹೇಳಬೇಕಾಗೈತಿ" ಅಂದರು. ಬರಿಗಾಲಲ್ಲೇ ಒಳಗೆ ಬಂದು, ಕೌಂಟರಿನ ಮೇಲೆ ಕೈಯೂರಿ, "ಸಾಬ್, ಗಾಡಿ ಮೇ ಖರಾಬೀ ಹೈ" ಎಂದರು. ಬ್ರೇಕ್ ಹಾಕಿದರೆ ಬಲಕ್ಕೆ ಎಳೆಯುತ್ತದೆ, ಮೊದಲಿನಿಂದಲೂ ಇದೆ, ನನಗೆ ಗೊತ್ತಿತ್ತು ಎಂದೂ ಹೇಳಿದರು. ಗೊತ್ತಿತ್ತು ಅಂದಾಗ ಕಾಕು ಸೆರಗು ಬಾಯಿಗೆ ಹಿಡಿದರು.

ಮೆಕ್ಯಾನಿಕ್ ಸ್ಟೀರಿಂಗಿಗೆ ಕೂತ. ನಾವೆಲ್ಲ ಮತ್ತೆ ಹತ್ತಿದೆವು. ಮೊದಲ ತಿರುವಿನಲ್ಲಿ ಏನೂ ಇಲ್ಲ, ಎರಡನೆಯದರಲ್ಲೂ ಇಲ್ಲ. ಆಮೇಲೆ ಇಳಿಜಾರಿನ ಕೊನೆಯಲ್ಲಿ ಅವನು ಬ್ರೇಕ್ ತುಳಿದ. ಕಟ್... ಕಟ್... ಗಾಡಿ ಬಲಕ್ಕೆ ವಾಲಿತು. ಹಿಂದಿನವರೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿದರು. ತನ್ನ ಜೀವಮಾನದಲ್ಲಿ ಗಾಡಿ ಕೆಟ್ಟಿದ್ದಕ್ಕೆ ಇಷ್ಟು ಖುಷಿಪಟ್ಟವರನ್ನು ಅವನು ನೋಡಿರಲಾರ.

ಬಲಗಾಲಿಯ ಒಳಗಿನ ಒಂದು ಭಾಗ ಕಂಪನಿಯಿಂದಲೇ ಸರಿಯಾಗಿ ಕೂತಿರಲಿಲ್ಲವಂತೆ. ಭಾರ ಬಿದ್ದಾಗ ಮಾತ್ರ ಜರುಗುತ್ತಿತ್ತು. ವಾರಂಟಿಯಲ್ಲೇ ಬದಲಿಸಿಕೊಟ್ಟರು. ಮುದುಕಿ ತನ್ನ ತೆಂಗಿನಕಾಯಿಯನ್ನು ಅಲ್ಲೇ ವ್ಯಾನಿನ ಮುಂದೆ ಒಡೆಸಿದಳು. ಡ್ಯೂಟಿ ಉಳಿಯಿತು. ಸದ್ದು ಹೋದ ಮೇಲೆ ಮುಂದಿನ ಸೀಟಿನಲ್ಲಿ ನನಗೆ ಕೆಮ್ಮೊಂದೇ ಕೇಳಿಸುತ್ತಿತ್ತು.

ಆಮೇಲೆ ನನಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು... ವರ್ಷಗಳ ನಂತರ ಮತ್ತೆ ಹೈದರಾಬಾದಿಗೆ ಬಂದು ವಿಚಾರಿಸಿಕೊಂಡು ಹೋದಾಗ, ಕಾಕು ಉಪ್ಪಲ್‌ನಲ್ಲಿ ತಂಗಿಯ ಮನೆಯಲ್ಲಿದ್ದರು. ಬರಿ ಹಣೆ ನೋಡಿದೆ. ಕೇಳುವುದು ಉಳಿದಿರಲಿಲ್ಲ.

ಅವರೇ ಹೇಳಿದರು. ಕೆಮ್ಮಿದಾಗ ರಕ್ತ ಬಿದ್ದ ಮೇಲಷ್ಟೇ ಕಾಕಾ ದವಾಖಾನೆಗೆ ಹೋಗಿದ್ದರಂತೆ. "ಏನು ತ್ರಾಸೈತಿ ಅಂತ ಡಾಕ್ಟರು ಕೇಳಿದ್ರ, ಏನಿಲ್ರಿ ಸಾಹೇಬ್ರ, ಚೊಲೋ ಅದೀನಿ ಅಂದ್ರವ್ವಾ. ಅಷ್ಟೊತ್ತಿಗಾಗಲೇ ಭಾಳ ತಡ ಆಗಿತ್ತು." ಮತ್ತೆ ಅಂದರು. "ಗಾಡಿಗೆ ಓಣಿ ಮಂದಿನೆಲ್ಲಾ ತುಂಬಿಕೊಂಡು ಹೋಗಿದ್ವಿ. ಇವರನ್ನೂ ಹಂಗ ಎತ್ತಿ ಹಾಕ್ಕೊಂಡು ಹೋಗಬೇಕಿತ್ತು." ವ್ಯಾನನ್ನು ಊರಕಡೆಯ ಒಬ್ಬರಿಗೆ ಮಾರಿದರಂತೆ. ಅದು ಇನ್ನೂ ಓಡುತ್ತಿದೆಯಂತೆ.

ಮೊನ್ನೆ ನನ್ನ ಕಾರಿನ ಕುಂದುಗಳನ್ನೆಲ್ಲ ಹೇಳಿ ಮುಗಿಸಿದೆ. ಎಡಗಿಟಕಿ ಬಿಗಿ, ವೈಪರ್ ಕಿರಗುಟ್ಟುತ್ತದೆ, ಹಿಂದೆ ಏನೋ ಅಲ್ಲಾಡುತ್ತದೆ. ಚಾವಿ ಕೊಡುವ ಮುನ್ನ ಕೈ ತಾನಾಗಿ ಸ್ಟೀರಿಂಗ್ ಮುಟ್ಟಿತ್ತು, ಕೌಂಟರಿನ ಹುಡುಗಿ ನೋಡಿ ನಕ್ಕಳು. ಕಾಯುವ ಕೋಣೆಯಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು ಅತ್ತಿಂದಿತ್ತ ಓಡಾಡುತ್ತ ಕಾಕುಗೆ ಫೋನ್ ಮಾಡಿದೆ.

"ಹೆಂಗದೀರಿ?"

"ಚೊಲೋ ಅದೀನವ್ವಾ."

ಆ ಕಡೆಯಿಂದ ಕುಕ್ಕರ್ ಕೂಗುವುದು ಕೇಳಿಸಿತು. ಫೋನ್ ಇಡಲಿಲ್ಲ, ಹಾಗೇ ನಿಂತಿದ್ದೆ.

"ಮೊಣಕಾಲು ಭಾಳ ನೋಯ್ತಾವ" ಅಂದರು ಕಾಕು ಕಡೆಗೆ. "ಕುಂತ್ರ ಏಳಾಕಾಗವಲ್ದು."

ಗಾಡಿ ಕೈಗೆ ಸಿಕ್ಕಕೂಡಲೇ ಉಪ್ಪಲ್‌ಗೆ ಬರ್ತೀನಿ, ಇವತ್ತೇ ಡಾಕ್ಟರ ಹತ್ರ ಹೋಗೂಣು, ತಯಾರಾಗಿರ್ರಿ ಅಂದೆ. ಕಾಕಾ ಇಂಥದೊಂದು ಮಾತು ಹೇಳಿದ್ದರೆ ಸಾಕಿತ್ತು.