ಥಾಬೋನ ಕೆಂಡಕ್ಕೆ ನನ್ನ ಮಸಾಲೆ

ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ಕೆರೆ ದಂಡೆಯ ಮೇಲೆ ನಮ್ಮ ಆಫೀಸಿನವರ ಬಾರ್ಬೆಕ್ಯೂ ಇತ್ತು. ಕೆಂಡದ ಉಸ್ತುವಾರಿ ದಕ್ಷಿಣ ಆಫ್ರಿಕಾದ ಸಹೋದ್ಯೋಗಿ ಥಾಬೋನದು. ನಾನು ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ ಹುರಿದು ಮಾಡಿದ ಮಸಾಲೆಪುಡಿಯ ಡಬ್ಬಿ ಹೊರತೆಗೆದದ್ದೇ ತಡ, ಅವನು ಇಕ್ಕಳ ಅಡ್ಡ ಹಿಡಿದ.

"ನಮ್ಮಲ್ಲಿ ಬೆಂಕಿ ಹಚ್ಚಿದವನದೇ ಮಾತು. ಮಾಂಸಕ್ಕೆ ಉಪ್ಪು ಸಾಕು ಬ್ರದರ್."

"ಒಂದೇ ಒಂದು ಪೀಸಿಗೆ ಹಾಕ್ತೀನಿ, ತಿಂದು ನೋಡು," ಅಂದೆ.

ಅನುಮಾನದಿಂದಲೇ ಒಂದು ಕೋಳಿ ಕಾಲು ಬಿಟ್ಟುಕೊಟ್ಟ. ಬೆಂದಮೇಲೆ ಕಚ್ಚಿ ನೋಡಿದ. ಆಮೇಲೆ ಡಬ್ಬಿಯನ್ನೇ ಕಸಿದುಕೊಂಡು ಉಳಿದ ಮಾಂಸಕ್ಕೆಲ್ಲ ಧಾರಾಳವಾಗಿ ಸುರಿದ!

ಒಂದು ತುಂಡು ತಿಂದ ನಮ್ಮ ಸ್ವೀಡಿಷ್ ಮ್ಯಾನೇಜರ್ ಕಣ್ಣೊರೆಸಿಕೊಳ್ಳುತ್ತಾ, "ಅಬ್ಬಾ, ಇದು ಎಲ್ಲಿಯ ರುಚಿ?" ಅಂದರು.

"ಅಪ್ಪಟ ಆಫ್ರಿಕಾದ್ದು," ಅಂದ ಥಾಬೋ ಎದೆಯುಬ್ಬಿಸಿ.

ತಿದ್ದೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಮ್ಯಾನೇಜರ್ ಖಾರ ತಡೆಯಲಾರದೆ ನೀರು ಕುಡಿಯಲು ಓಡಿದರು. ಇಂಥ ಖಾರದ ಹೆಸರು ಅವನಿಗೇ ಇರಲಿ ಅಂತ ಸುಮ್ಮನಾದೆ.