ಬಣ್ಣದ ಕೆಳಗಿನ ಮುಖ

ಪೇಂಟರ್ ಕಾಕಾರ ಎಡಗಿವಿಯ ಹಿಂದೆ ಯಾವಾಗಲೂ ಬಣ್ಣದ ಗೆರೆ. ಬ್ರಷ್ ಅಲ್ಲೇ ಸಿಕ್ಕಿಸಿಕೊಳ್ಳುವ ಚಾಳಿ. ಕೆಂಪಿದ್ದರೆ ಅಂದು ಕಬ್ಬಿನ ಟ್ರೇಲರ್ ಕೆಲಸ, ಕಂದು ಇದ್ದರೆ ಊರಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಸತ್ತವರ ಸಣ್ಣ ಫೋಟೊ ಕೊಟ್ಟರೆ ನೋಡಿ ದೊಡ್ಡದಾಗಿ ಬರೆದುಕೊಡುತ್ತಿದ್ದರು. ಹಳಿಯಾಳದ ಬಸ್ ಸ್ಟ್ಯಾಂಡ್ ಹತ್ತಿರ ಅವರ ಅಂಗಡಿ, ಪಕ್ಕದ್ದೇ ನನ್ನ ಹೊಲಿಗೆ ಅಂಗಡಿ.

ಕಬ್ಬಿನ ಹಂಗಾಮು ಮುಗಿದು ಕೈ ಖಾಲಿಯಾದಾಗ ಕಾಕಾ ಒಂದು ತಗಡು ತೆಗೆದುಕೊಂಡು, ಗಡ್ಡ ಬೋಳಿಸುವ ಕನ್ನಡಿ ಎದುರಿಗಿಟ್ಟು, ತಮ್ಮದೇ ಮುಖ ಬರೆಯಲು ಕೂಡುತ್ತಿದ್ದರು. ಸತ್ತವರನ್ನೆಲ್ಲ ಚೆಂದಗಾಣಿಸಿದ ಮನುಷ್ಯ ತಮ್ಮ ಮಟ್ಟಿಗೆ ಮಹಾ ಜಿಪುಣ. ಕಣ್ಣಿನ ಕೆಳಗಿನ ಚೀಲ, ಕಪ್ಪಾದ ಹಲ್ಲು, ಒಂದನ್ನೂ ಬಿಡುತ್ತಿರಲಿಲ್ಲ.

"ಸ್ವಲ್ಪ ಚಂದ ಮಾಡ್ಕೋರಿ ಕಾಕಾ," ಅಂದೆ ಒಮ್ಮೆ.

"ಸತ್ತವ್ರ ಮುಖ ಮನ್ಯಾಗಿನವ್ರು ಹೇಳಿದಂಗ ಬರೀತೇನಿ. ಇದೊಂದಾದ್ರೂ ನಾ ಕಂಡಂಗ ಇರಲಿ ಬಿಡವಾ."

ಅವರ ಹೆಂಡತಿಗೆ, ಅಂದರೆ ನಮ್ಮ ಕಾಕೂಗೆ, ಅದನ್ನು ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ನಮ್ಮ ಕಡೆ ಅಷ್ಟು ದೊಡ್ಡ ಚಿತ್ರ ಗೋಡೆ ಏರುವುದು ಹೋದವರದ್ದೇ.

"ಜೀವಂತ ಇದ್ದಾಗನ ಗ್ವಾಡಿ ಏರೂ ಅವಸರ ಏನೈತ್ರಿ? ಮೊದಲ ಅಳಸ್ರಿ!"

ಕಾಕಾ ವಾದ ಮಾಡಿದ್ದನ್ನು ನಾನು ಕಂಡಿಲ್ಲ. ಸಂಜೆಯೊಳಗೆ ಮುಖದ ಮೇಲೆ ಬಿಳಿ ಬಣ್ಣ ಬಳಿದು, ಆಮೇಲೆ ಅದೇ ತಗಡಿನ ಮೇಲೆ ಯಾರದೋ ಅಂಗಡಿಯ ಹೆಸರು ಬರೆದುಬಿಡುತ್ತಿದ್ದರು. ನನ್ನ ಹೆಸರಿನ ಬೋರ್ಡು ಆದದ್ದೂ ಹಾಗೆಯೇ. ಸಹಿ ಹಾಕಿರೆಂದರೆ ನಕ್ಕರು: "ಒಳಗ ನಾನ ಅದೇನಿ, ಸಹಿ ಯಾಕ?"

ಹೋದ ವರ್ಷ ಕಾಕಾ ಕೂತಲ್ಲೇ ಹೋಗಿಬಿಟ್ಟರು. ಊರಿಗೆಲ್ಲ ಮುಖ ಬರೆದುಕೊಟ್ಟವರ ಮನೆಯಲ್ಲಿ ಗೋಡೆಗೆ ಹಾಕಲು ಒಂದು ಚಿತ್ರವಿರಲಿಲ್ಲ. ಆಧಾರ್ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿಸಿದೆವು. ಕಾಕೂ ಒಮ್ಮೆ ನೋಡಿ ಮಗುಚಿಟ್ಟರು.

"ಇವ್ರ್ಯಾರೋ ಏನೋ. ಅಳಸ್ರಿ ಅಳಸ್ರಿ ಅಂತ ನಾನ ಅವ್ರ ಜೀವಾ ತಿಂದೆ."

ನನಗೆ ತಡೆಯಲಾಗಲಿಲ್ಲ. ನನ್ನ ಬೋರ್ಡು ಇಳಿಸಿ, ಕಾಕೂರನ್ನು ಪಕ್ಕಕ್ಕೆ ಕೂಡಿಸಿಕೊಂಡು, ಬ್ಲೇಡಿನಿಂದ ಮೆಲ್ಲಗೆ ಕೆರೆಯತೊಡಗಿದೆ. ಬಿಳಿ ಬಣ್ಣದ ಜೊತೆ ಕೆಳಗಿನದ್ದೂ ಚಕ್ಕೆಯಾಗಿ ಎದ್ದು ಬಂತು, ನರೆತ ಕೂದಲಿನ ಒಂದು ತುಣುಕು. ಕಾಕೂ ನನ್ನ ಕೈ ಗಟ್ಟಿಯಾಗಿ ಹಿಡಿದುಬಿಟ್ಟರು.

"ಬ್ಯಾಡವಾ. ಮತ್ತೊಮ್ಮೆ ಅಳಸೂದು ಬ್ಯಾಡ."

ಬೋರ್ಡನ್ನು ಮೊದಲಿನ ಜಾಗಕ್ಕೇ ಏರಿಸಿದೆವು. ಈಗ ಕಾಕೂ ದಿನಾ ಬೆಳಿಗ್ಗೆ ಬಂದು ಅದಕ್ಕೊಂದು ಹೂವಿನ ಮಾಲೆ ಹಾಕುತ್ತಾರೆ. ಸೊಸೆಯ ಹೆಸರಿಗೆ ಮಾಲೆ ಬಿತ್ತೆಂದು ನನ್ನ ಅತ್ತೆ ಗೊಣಗುತ್ತಾರೆ, ಗೊಣಗಲಿ. ಹೊಸ ಗಿರಾಕಿಗಳು ಬಾಗಿಲಲ್ಲೇ ನಿಂತು, "ಟೇಲರ್ ಬಾಯಿ ತೀರಿಕೊಂಡ್ರೇನ್ರಿ?" ಎಂದು ನನ್ನನ್ನೇ ಕೇಳುತ್ತಾರೆ.

"ಅಲ್ಲರೀ, ನಮ್ಮ ಕಾಕಾ," ಅನ್ನುತ್ತೇನೆ.